ನಳ ಗದುಗಿನದು, ನೀರು ಹಮ್ಮಿಗಿಯದು

'ನಗರಸಭೆಯ ಕರ್ತವ್ಯಗಳಾವುವು?' ಹೈಸ್ಕೂಲಿನ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಬರುವ ಪ್ರಶ್ನೆ ಇದು. ಮಕ್ಕಳು ಬೆರಳು ಮಡಿಚಿ ಎಣಿಸಿ ಬರೆಯುತ್ತಾರೆ: ಕುಡಿಯುವ ನೀರಿನ ಪೂರೈಕೆ, ಬೀದಿ ದೀಪ, ಚರಂಡಿ, ಕಸ ವಿಲೇವಾರಿ, ಜನನ-ಮರಣ ನೋಂದಣಿ. ಐದು ಅಂಶ, ಐದು ಅಂಕ. ಮಾಸ್ತರರು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಪುಟ ತಿರುವುತ್ತಾರೆ. ಪೂರ್ತಿ ಅಂಕ ಪಡೆದ ಹುಡುಗಿ ಬೆಟಗೇರಿಯ ತನ್ನ ಮನೆಗೆ ಬಂದು ಪಾಟಿಚೀಲ ಇಳಿಸುವಷ್ಟರಲ್ಲಿ ಅವ್ವ ಕೊಡವನ್ನು ಕೈಗೆ ಕೊಡುತ್ತಾಳೆ. 'ಬೋರಿಂಗಿಗೆ ಹೋಗಿ ಎರಡ ಕೊಡಾ ತಗೊಂಬಾರವಾ. ನಳಾ ಬಂದು ಎಂಟ ದಿನಾ ಆತು.'

ಹುಡುಗಿ ಬರೆದ ಉತ್ತರ ತಪ್ಪೇನಲ್ಲ. ಆದರೆ ಅದು ಅರ್ಧ ಉತ್ತರ. ನೀರು ಕೊಡುವುದು ನಗರಸಭೆಯ ಕರ್ತವ್ಯವೆಂದು ಪುಸ್ತಕ ಹೇಳುತ್ತದೆ. ಆ ಕರ್ತವ್ಯವನ್ನು ನೆರವೇರಿಸಲು ಬೇಕಾದ ಹೊಳೆ, ಒಡ್ಡು, ಪಂಪು, ಕರೆಂಟು, ಹಣ, ಎಂಜಿನಿಯರು ಇವೆಲ್ಲ ಯಾರ ಕೈಯಲ್ಲಿವೆ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಗದಗ-ಬೆಟಗೇರಿಯಂಥ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಉಳಿದರ್ಧ ಉತ್ತರವೂ ತಿಳಿದಿರಬೇಕು. ಏಕೆಂದರೆ ಇನ್ನು ನಾಲ್ಕೈದು ವರ್ಷಗಳಲ್ಲಿ ಅವರೇ ಓಟು ಹಾಕುವವರು, ಕೆಲವರು ಓಟು ಕೇಳುವವರು.

ಅದೇ ಓಣಿಯಲ್ಲಿ ನಗರಸಭೆಯ ಸದಸ್ಯೆಯೊಬ್ಬರ ಮನೆ ಇದೆಯೆಂದು ಇಟ್ಟುಕೊಳ್ಳಿ. ಸದಸ್ಯೆ ಕಲ್ಪನೆಯವರು. ಬೆಳಗಾಗುತ್ತಲೇ ಇಂಥವರ ಮನೆಯ ಕಟ್ಟೆಯ ಮೇಲೆ ಸೇರುವ ಜನ ಮಾತ್ರ ಕಲ್ಪನೆಯವರಲ್ಲ. ಮಗ್ಗ ಬಿಟ್ಟು ಬಂದವರಿರುತ್ತಾರೆ, ಕೂಲಿಗೆ ಹೊರಟವರಿರುತ್ತಾರೆ, ಮಗುವನ್ನು ಬಗಲಲ್ಲಿ ಎತ್ತಿಕೊಂಡು ಬಂದ ಬಾಣಂತಿ ಇರುತ್ತಾಳೆ. ಎಲ್ಲರದೂ ಒಂದೇ ಮಾತು: 'ಅಕ್ಕಾರ, ಓಟ ಹಾಕಿದ್ದು ನಿಮಗ. ನೀರ ಮತ್ತ್ಯಾರನ್ನ ಕೇಳೂಣ್ರಿ?' ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಆ ಸದಸ್ಯೆ ಮನೆಯ ನಳದಿಂದ ಹಿಂದಕ್ಕೆ, ನೀರು ಬಂದ ದಾರಿ ಹಿಡಿದು ಹೊರಟರೆ ಎಲ್ಲೆಲ್ಲಿ ನಿಲ್ಲಬೇಕಾಗುತ್ತದೆ?

ಮೊದಲ ನಿಲ್ದಾಣ ಓಣಿಯ ವಾಲ್‌ಮ್ಯಾನ್. ಯಾವ ಓಣಿಗೆ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿರುವ ಕಬ್ಬಿಣದ ಕೀಲಿಯಲ್ಲಿದೆ. ಓಣಿಯ ಜನಕ್ಕೆ ಅಧ್ಯಕ್ಷರ ಹೆಸರು ಮರೆತೀತು, ಅವನ ಹೆಸರು ಮರೆಯುವುದಿಲ್ಲ. 'ಟಾಕಿ ತುಂಬಿದ್ರ ಬಿಡತೀನ್ರಿ ಅಕ್ಕಾರ, ತುಂಬಲಿಲ್ಲಂದ್ರ ನಾ ಎಲ್ಲಿಂದ ತರಲಿ?' ಎನ್ನುತ್ತಾನೆ ಅವನು. ಅವನ ಮಾತೂ ನ್ಯಾಯವೇ. ಮೇಲಿನ ಟಾಕಿ ತುಂಬಬೇಕಾದರೆ ದೊಡ್ಡ ಕೊಳವೆಯಲ್ಲಿ ನೀರು ಬರಬೇಕು. ಆ ಕೊಳವೆ ಊರ ಸೀಮೆ ದಾಟಿ, ತಾಲೂಕಿನ ಸೀಮೆ ದಾಟಿ, ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆಗೆ ಹೋಗಿ ಮುಟ್ಟುತ್ತದೆ. ಆ ದಂಡೆಯ ಮೇಲಿನ ಊರೇ ಹಮ್ಮಿಗಿ.

ಹಿಂದೆ ಗದುಗಿಗೆ ನೀರು ಬರುತ್ತಿದ್ದುದು ಅದೇ ಹೊಳೆಯ ಕೊರ್ಲಹಳ್ಳಿಯಿಂದ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮರಳಿನ ಚೀಲ ಪೇರಿಸಿ ತಾತ್ಪೂರ್ತಿಕ ಒಡ್ಡು ಹಾಕಿ, ನಿಂತಷ್ಟು ನೀರನ್ನು ಎತ್ತಿ ಊರಿಗೆ ಕಳಿಸಬೇಕಾಗುತ್ತಿತ್ತು. ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ಎದ್ದ ಮೇಲೆ ಊರ ಆಸೆ ಅತ್ತ ತಿರುಗಿತು. ಹೊಳೆಯ ಈಚೆ ದಂಡೆ ಮುಂಡರಗಿ ತಾಲೂಕು, ಆಚೆ ದಂಡೆ ಹೂವಿನಹಡಗಲಿ. ಬ್ಯಾರೇಜಿನ ಸಾಮರ್ಥ್ಯ 3 ಟಿ.ಎಂ.ಸಿ.ಗೆ ತುಸು ಹೆಚ್ಚು. 2012ರ ಸುಮಾರಿಗೆ ಅಲ್ಲಿ ನೀರು ನಿಲ್ಲತೊಡಗಿತು. ಗದಗ-ಬೆಟಗೇರಿಯ ನಳಗಳಲ್ಲಿ ದಿನದ ಇಪ್ಪತ್ನಾಲ್ಕು ತಾಸೂ ನೀರು ಎಂಬ ಮಾತು ಹುಟ್ಟಿದ್ದೂ ಈ ಬ್ಯಾರೇಜನ್ನು ನಂಬಿಕೊಂಡೇ.

ಇಲ್ಲಿಗೆ ಬಂದ ಸದಸ್ಯೆ ಸುತ್ತ ನೋಡಿದರೆ ಕಾಣುವುದೇನು? ಹಮ್ಮಿಗಿಯಲ್ಲಿ ಗದಗ-ಬೆಟಗೇರಿ ನಗರಸಭೆಯ ಅಧಿಕಾರ ನಡೆಯುವುದಿಲ್ಲ. ಹಮ್ಮಿಗಿಯವರು ಅವರಿಗೆ ಓಟು ಹಾಕಿಲ್ಲ, ಅವರ ಊರಿಗೆ ಕರ ಕಟ್ಟುವುದಿಲ್ಲ. ಬ್ಯಾರೇಜು ಕಟ್ಟಿದ್ದು ಕರ್ನಾಟಕ ನೀರಾವರಿ ನಿಗಮ, ಅದರ ಗೇಟು ಏರಿಸುವವರು ಇಳಿಸುವವರು ಅದರ ಎಂಜಿನಿಯರುಗಳು. ಊರೂರಿಗೆ ದೊಡ್ಡ ನೀರಿನ ಯೋಜನೆ ಮಾಡುವುದು 1973ರ ಕಾಯ್ದೆಯಿಂದ ಹುಟ್ಟಿದ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಉತ್ತರ ಕರ್ನಾಟಕದ 25 ಊರುಗಳಿಗಾಗಿ 2006ರ ಕೊನೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕು ಸಾಲ ಮಂಜೂರು ಮಾಡಿದಾಗ ಆ ಪಟ್ಟಿಯಲ್ಲಿ ಗದಗ-ಬೆಟಗೇರಿಯೂ ಇತ್ತು. ಆ ಯೋಜನೆಯನ್ನು ನಡೆಸಿದ್ದು ಬೆಂಗಳೂರಿನಲ್ಲಿ ಕಚೇರಿ ಇರುವ ನಗರ ಮೂಲಸೌಕರ್ಯ ಹಣಕಾಸು ನಿಗಮ. ಪಂಪಿಗೆ ಕರೆಂಟು ಕೊಡುವುದು ಹುಬ್ಬಳ್ಳಿಯ ವಿದ್ಯುತ್ ಕಂಪನಿ. ಕೊಳವೆ ಹೂಳಲು ರಸ್ತೆ ಅಗೆಯಬೇಕಾದರೆ ಅದರ ಅನುಮತಿಗೆ ಇನ್ನೊಂದು ಇಲಾಖೆ.

ಇನ್ನೂ ಹಿಂದಕ್ಕೆ ಹೋಗಬಹುದು. ಕಡು ಬೇಸಿಗೆಯಲ್ಲಿ ತುಂಗಭದ್ರೆ ಒಣಗಿದರೆ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡಿಸುತ್ತಾರೆ. ಆ ನೀರು ದಾವಣಗೆರೆ, ಹಾವೇರಿ ಜಿಲ್ಲೆಗಳ ಅಂಚಿನಲ್ಲಿ ಹರಿದು ಹಮ್ಮಿಗಿಗೆ ಬಂದು ಮುಟ್ಟಬೇಕು. ದಾರಿಯುದ್ದಕ್ಕೂ ಒಣಗುವ ಬೆಳೆ ಇರುತ್ತದೆ, ಹೊಳೆಗೆ ಇಳಿಸಿದ ಪಂಪ್‌ಸೆಟ್ಟುಗಳಿರುತ್ತವೆ. 'ನಮ್ಮ ತೋಟಕ್ಕೇ ನೀರಿಲ್ಲ, ಕೆಳಗಿನವರಿಗೆ ಬಿಡ್ತೀರಾ?' ಎಂದು ಕೇಳುವ ರೈತರಿರುತ್ತಾರೆ. ಹೀಗೆ ಬೆಟಗೇರಿಯ ಒಂದು ಕೊಡ ನೀರಿನಲ್ಲಿ ಹತ್ತಾರು ಕಚೇರಿಗಳ ಸಹಿ, ನಾಲ್ಕಾರು ತಾಲೂಕುಗಳ ಪಾಲು ಸೇರಿರುತ್ತದೆ. ಓಟು ಬಿದ್ದಿರುವುದು ಮಾತ್ರ ಓಣಿಯ ಅಕ್ಕಾರಿಗೆ.

ಸಂವಿಧಾನ ಇದನ್ನು ನೋಡಲಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ನೋಡಿದೆ. 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ನಗರಗಳ ಆಡಳಿತಕ್ಕೆ ಸಂವಿಧಾನದಲ್ಲಿಯೇ ಸ್ಥಾನ ಸಿಕ್ಕಿತು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೂ ಹಿಂದುಳಿದವರಿಗೂ ಮೀಸಲಾತಿ, ಹನ್ನೆರಡನೆಯ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ. ಪಟ್ಟಿಯ ಐದನೆಯ ಕೆಲಸವೇ ನೀರು ಪೂರೈಕೆ. ಆದರೆ ಆ ಕಲಮಿನ ಒಂದು ಪದವನ್ನು ಮಕ್ಕಳು ಅಡಿಗೆರೆ ಹಾಕಿ ಓದಬೇಕು. ರಾಜ್ಯದ ಶಾಸಕಾಂಗವು ಈ ಅಧಿಕಾರಗಳನ್ನು ನಗರಸಭೆಗಳಿಗೆ 'ಕೊಡಬಹುದು' ಎಂದು ಅಲ್ಲಿದೆ, 'ಕೊಡತಕ್ಕದ್ದು' ಎಂದಿಲ್ಲ. ಒಂದು ಕ್ರಿಯಾಪದದ ವ್ಯತ್ಯಾಸ. ಮನೆಯ ಹಿರಿಯ ಕೀಲಿಗೊಂಚಲನ್ನು ಸೊಸೆಗೆ 'ಕೊಟ್ಟರೂ ಕೊಡಬಹುದು' ಎಂದಂತೆ.

ಕೀಲಿ ಇಲ್ಲದಿದ್ದರೂ ಸಮಯವಾದರೂ ಇದೆಯೇ? ಕರ್ನಾಟಕದಲ್ಲಿ ನಗರಸಭೆ, ಪುರಸಭೆಗಳ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಕಡತ ಅರ್ಥವಾಗುವ ಹೊತ್ತಿಗೆ ಕುರ್ಚಿ ಬಿಡುವ ಹೊತ್ತು ಬಂದಿರುತ್ತದೆ. ಪೌರಾಯುಕ್ತರು ಸರ್ಕಾರದ ಅಧಿಕಾರಿ, ಅವರ ವರ್ಗಾವಣೆ ಊರವರ ಕೈಯಲ್ಲಿಲ್ಲ. 2018ರಲ್ಲಿ ರಾಜ್ಯದ ನೂರಾರು ಊರುಗಳಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯ ಕೋರ್ಟಿನಲ್ಲಿ ಉಳಿದದ್ದರಿಂದ ಅವುಗಳಲ್ಲಿ ಬಹಳಷ್ಟು ಊರುಗಳಿಗೆ 2020ರವರೆಗೂ ಅಧ್ಯಕ್ಷರೇ ಇರಲಿಲ್ಲ. ಗೆದ್ದವರು ಎರಡು ವರ್ಷ ಗೆದ್ದವರಾಗಿಯೇ ಕುಳಿತರು, ಆಳಿದ್ದು ಆಡಳಿತಾಧಿಕಾರಿ.

ಇಷ್ಟೆಲ್ಲ ತಿಳಿದ ಮೇಲೆ ಸದಸ್ಯೆಯ ಮುಂದೆ ಎರಡು ಸುಲಭದ ದಾರಿಗಳಿವೆ. ಒಂದು, ಕಟ್ಟೆಯ ಮೇಲಿನ ಜನಕ್ಕೆ 'ನನ್ನ ಕೈಯಾಗ ಏನೂ ಇಲ್ಲರೀ, ಮ್ಯಾಲಿನವರನ್ನ ಕೇಳ್ರಿ' ಎಂದು ಹೇಳಿ ಒಳಗೆ ಹೋಗುವುದು. ಹೇಳಿದ್ದು ನಿಜವೇ ಆದರೂ ಅದರಿಂದ ಒಂದು ಕೊಡವೂ ತುಂಬುವುದಿಲ್ಲ. ಇನ್ನೊಂದು, ಪುಢಾರಿತನದ ದಾರಿ. ಟ್ಯಾಂಕರು ತರಿಸಿ, ತಾನೇ ಮುಂದೆ ನಿಂತು ನೀರು ಹಂಚಿ, 'ಅಕ್ಕಾರ ಇದ್ದದ್ದಕ್ಕ ನೀರ ಬಂತು' ಎನಿಸಿಕೊಳ್ಳುವುದು. ಟ್ಯಾಂಕರು ತಪ್ಪಲ್ಲ, ಬಾಯಾರಿದ ಹೊತ್ತಿಗೆ ಅದೂ ಬೇಕು. ಆದರೆ ಟ್ಯಾಂಕರಿನಿಂದ ಹೆಸರು ಮಾಡಿದವರಿಗೆ ನಳ ಸರಿಹೋಗಬೇಕೆಂಬ ಆತುರ ನಿಧಾನವಾಗಿ ಕಡಿಮೆಯಾಗುತ್ತದೆ. ಇದು ಯಾವ ಒಂದು ಪಕ್ಷದ, ಯಾವ ಒಂದು ಊರಿನ ರೋಗವೂ ಅಲ್ಲ.

ಮೂರನೆಯ ದಾರಿಯೊಂದಿದೆ. ಅದನ್ನು ಹಿಡಿಯುವ ಮೊದಲು ಒಂದು ಲೆಕ್ಕ ಮಾಡಬೇಕು. ಲೆಕ್ಕ ಏಳನೆಯ ಇಯತ್ತೆಯ ಮಟ್ಟದ್ದು. 2011ರ ಜನಗಣತಿಯಂತೆ ಗದಗ-ಬೆಟಗೇರಿಯ ಜನಸಂಖ್ಯೆ ಸುಮಾರು 1 ಲಕ್ಷ 72 ಸಾವಿರ. ಒಬ್ಬರಿಗೆ ದಿನಕ್ಕೆ 135 ಲೀಟರು ಎಂಬುದು ನಗರಗಳಿಗೆ ಹಾಕಿಕೊಂಡ ಅಳತೆ. ಗುಣಿಸಿದರೆ ದಿನಕ್ಕೆ 2 ಕೋಟಿ 32 ಲಕ್ಷ ಲೀಟರು, ವರ್ಷಕ್ಕೆ ಸುಮಾರು 847 ಕೋಟಿ ಲೀಟರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರು. ಭಾಗಿಸಿ ನೋಡಿ. ಆ ಜನಸಂಖ್ಯೆಗೆ ಇಡೀ ವರ್ಷಕ್ಕೆ ಬೇಕಾದದ್ದು ಒಂದು ಟಿ.ಎಂ.ಸಿ.ಯ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಜನ ಹೆಚ್ಚಿದ್ದಾರೆಂದು ಹಿಡಿದು ಮೇಲೆ ಅರ್ಧದಷ್ಟು ಸೇರಿಸಿದರೂ ಅದು ಅರ್ಧ ಟಿ.ಎಂ.ಸಿ. ದಾಟುವುದಿಲ್ಲ. ಹಮ್ಮಿಗಿಯ ಬ್ಯಾರೇಜಿನ ಮುಂದೆ ಇದು ದೊಡ್ಡ ಪಾಲಲ್ಲ.

ಹಾಗಾದರೆ ನಳ ಏಕೆ ಬರಲಿಲ್ಲ? ಹೊಳೆ ಬತ್ತಿದ ವರ್ಷ ನೀರೇ ಇಲ್ಲದಿರಬಹುದು. ಉಳಿದ ವರ್ಷಗಳಲ್ಲಿ ಒಡೆದ ಕೊಳವೆ, ನಿಂತ ಪಂಪು, ಹೋದ ಕರೆಂಟು, ಸೋರುವ ಹಳೆಯ ಪೈಪು, ಒಂದು ಕಚೇರಿಯವರು ಮಾಡಿ ಇನ್ನೊಂದು ಕಚೇರಿಯವರು ವಹಿಸಿಕೊಳ್ಳದ ಕಾಮಗಾರಿ ಇವು ನೀರಿಗೆ ಅಡ್ಡ ನಿಲ್ಲುತ್ತವೆ. ಪ್ರತಿ ಕಚೇರಿಯೂ ತನ್ನ ಪಾಲಿನ ಕೆಲಸ ಮುಗಿದಿದೆ ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಪಾಲುಪಾಲಾಗಿ ಎಲ್ಲ ಸರಿ, ಒಟ್ಟಿಗೆ ನೋಡಿದರೆ ನೀರಿಲ್ಲ. ಒಟ್ಟಿಗೆ ನೋಡುವ ಕಣ್ಣು ಒಂದು ಬೇಕು. ಅಧಿಕಾರ ಕಡಿಮೆ ಇರುವ ಊರಿನ ನಾಯಕರ ಮೊದಲ ಕೆಲಸ ಆ ಕಣ್ಣಾಗುವುದು.

ಒಟ್ಟಿಗೆ ನೋಡತೊಡಗಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಗದುಗಿನವರು ಬಹಳ ಮಂದಿ ಅದನ್ನು ಗಮನಿಸುವುದಿಲ್ಲ. ಬ್ಯಾರೇಜಿನಲ್ಲಿ ಪೂರ್ತಿ 3 ಟಿ.ಎಂ.ಸಿ. ನೀರು ನಿಲ್ಲಿಸಿದರೆ ಹಿನ್ನೀರು ಏರಿ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದಂಥ ಊರುಗಳ ಮನೆ ಬಾಗಿಲಿಗೆ ಬರುತ್ತದೆ. ಆ ಊರುಗಳ ಸ್ಥಳಾಂತರ, ಪರಿಹಾರ, ಹೊಸ ಮನೆ, ನಿವೇಶನ ಇವೆಲ್ಲ ಮುಗಿಯದೆ ವರ್ಷಗಟ್ಟಲೆ ಎಳೆದಾಡಿದವು. ಅದರಿಂದಾಗಿ ಬ್ಯಾರೇಜು ಎದ್ದು ಎಷ್ಟೋ ವರ್ಷಗಳಾದರೂ ಅದರಲ್ಲಿ ಎರಡು ಟಿ.ಎಂ.ಸಿ.ಯ ಒಳಗೇ ನೀರು ನಿಲ್ಲಿಸಬೇಕಾಯಿತು. ಗದುಗಿನ ಗೃಹಿಣಿ 'ಬ್ಯಾರೇಜ ತುಂಬಲಿ' ಎಂದು ಹರಕೆ ಹೊರುವಾಗ ಬಿದರಳ್ಳಿಯ ಗೃಹಿಣಿ 'ಇನ್ನ ಏರದಿರಲೆಪ್ಪಾ' ಎಂದು ಕೈಮುಗಿಯುತ್ತಿದ್ದಳು. ಇಬ್ಬರದೂ ಒಂದೇ ಹೊಳೆ, ಒಂದೇ ಜಿಲ್ಲೆ. ಇಬ್ಬರೂ ಕೇಳುತ್ತಿದ್ದುದು ನೆಮ್ಮದಿಯ ಸಂಸಾರ.

ಇಲ್ಲಿಯೇ ಈ ವಿಷಯದ ತಿರುಳಿದೆ. ಗದಗ-ಬೆಟಗೇರಿಯ ನಗರಸಭೆ ಬಿದರಳ್ಳಿಗೆ ಒಂದು ನಿವೇಶನ ಕೊಡಲಾರದು, ಒಂದು ರೂಪಾಯಿ ಪರಿಹಾರ ಹೆಚ್ಚಿಸಲಾರದು. ಆದರೆ ಒಂದು ನಗರದ ಮೂವತ್ತೈದು ವಾರ್ಡುಗಳ ಸದಸ್ಯರು ಪಕ್ಷಭೇದ ಮರೆತು, 'ಆ ಊರವರಿಗೆ ಮೊದಲು ನ್ಯಾಯ ಸಿಗಲಿ, ಆಮೇಲೆ ನಮಗೆ ನೀರು ಹೆಚ್ಚಲಿ' ಎಂದು ಒಂದು ಠರಾವು ಮಾಡಬಲ್ಲರು. ಹಮ್ಮಿಗಿಯ ಗ್ರಾಮ ಪಂಚಾಯಿತಿಯವರೊಡನೆ ಒಂದೇ ಜಮಖಾನೆಯ ಮೇಲೆ ಕುಳಿತು ಮಾತಾಡಬಲ್ಲರು. ಮುಳುಗುವ ಊರಿನವರು ಒಬ್ಬರೇ ಕೂಗಿದರೆ ಅದು 'ಪರಿಹಾರದ ಗಲಾಟೆ'. ನೀರು ಕುಡಿಯುವ ನಗರವೂ ಜೊತೆಗೆ ನಿಂತು ಕೇಳಿದರೆ ಅದು ಜಿಲ್ಲೆಯ ಮಾತಾಗುತ್ತದೆ. ಬೆಂಗಳೂರು ಕೇಳಿಸಿಕೊಳ್ಳುವ ರೀತಿಯೇ ಬೇರೆಯಾಗುತ್ತದೆ.

ಕೈಯಲ್ಲಿ ಅಧಿಕಾರವಿಲ್ಲದವರು ಕೂಡಿ ನಿಂತು ಕೆಲಸ ಮಾಡಿದ ಕಥೆ ಗದುಗಿನ ಸೀಮೆಗೆ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳಕ್ಕೆ ಹೋದರೆ ಮಕ್ಕಳಿಗೆ ಅದನ್ನು ತೋರಿಸಬಹುದು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಪುಟ್ಟ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದು ದೇಶಕ್ಕೇ ಮೊದಲನೆಯದು, ಏಷ್ಯಾ ಖಂಡದಲ್ಲಿಯೇ ಮೊದಲನೆಯದು ಎಂದು ಹೆಸರಾಯಿತು. ಕಣಗಿನಹಾಳದ ರೈತರಿಗೆ ಆಗ ಯಾವ ರಾಜಕೀಯ ಅಧಿಕಾರವೂ ಇರಲಿಲ್ಲ. ಆಳುವವರು ಪರದೇಶದವರು, ಸಾಲ ಕೊಡುವವನು ಸಾಹುಕಾರ. ಆ ಕಾಯ್ದೆಯಂತೆ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಎಲ್ಲರೂ ಹೊಣೆ. ಅಷ್ಟು ದೊಡ್ಡ ನಂಬಿಕೆಯ ಮೇಲೆ ಸಹಿ ಹಾಕಿದವರು ಅವರು.

ಹತ್ತಿರದ ಕಾಲದ್ದೂ ಉಂಟು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ಹೊಲ ಹೋಗಲಿತ್ತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರೊಡನೆ ಬೀದಿಗಿಳಿದರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಮರುವರ್ಷ ಹಿಂತೆಗೆದುಕೊಂಡಾಗಲೂ ಊರು ಹಳ್ಳಿ ಕೂಡಿ ನಿಂತವು. 2017ರಲ್ಲಿ ಆ ಸ್ಥಾನ ಮರಳಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅಷ್ಟರಲ್ಲಿ ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾಗಿದ್ದರು.

ಆದರೆ 'ಬೇಡ' ಎಂದು ಒಟ್ಟಾಗುವುದಕ್ಕೂ 'ನಡೆಸೋಣ' ಎಂದು ಒಟ್ಟಾಗುವುದಕ್ಕೂ ವ್ಯತ್ಯಾಸವಿದೆ. ಬೇಡದ ಕಾರ್ಖಾನೆಯ ಎದುರು ಸಾವಿರ ಜನ ಸೇರಬಹುದು. ಪಂಪಿನ ಮೀಟರು ಓದಿ ಪುಸ್ತಕದಲ್ಲಿ ಬರೆದಿಡುವ ಕೆಲಸಕ್ಕೆ ಜಯಘೋಷವಿಲ್ಲ, ಹಾರವಿಲ್ಲ. ಅದನ್ನು ವರ್ಷದ 365 ದಿನವೂ ಮಾಡಬೇಕು. ಕಣಗಿನಹಾಳದವರ ಹೆಚ್ಚುಗಾರಿಕೆ ಇದೇ. ಅವರು ಖಾತೆ ಕೀರ್ದಿ ಬರೆದರು, ಕಂತು ಕಟ್ಟಿದರು, ಕಟ್ಟದವನ ಮನೆಗೆ ಹೋಗಿ ಕೇಳಿದರು. ನೀರಿನ ವಿಷಯದಲ್ಲಿ ಬೇಕಾದದ್ದು ಈ ಬಗೆಯ ಕೂಡುವಿಕೆ.

ಹೊರದೇಶಗಳಲ್ಲಿ ಸಣ್ಣ ಊರುಗಳು ಏನು ಮಾಡಿದವು ನೋಡಿ. ಫ್ರಾನ್ಸಿನಲ್ಲಿ ಸುಮಾರು 35,000 ಸ್ಥಳೀಯ ಆಡಳಿತಗಳಿವೆ. ಅವುಗಳಲ್ಲಿ ಬಹಳಷ್ಟು ನಮ್ಮ ಹಳ್ಳಿಗಳಷ್ಟೇ ಸಣ್ಣವು, ಒಂಟಿಯಾಗಿ ಒಂದು ನೀರಿನ ಯೋಜನೆ ಮಾಡುವ ಶಕ್ತಿ ಅವಕ್ಕಿಲ್ಲ. 1890ರ ಒಂದು ಕಾಯ್ದೆ, ಹಲವು ಊರುಗಳು ಒಂದು ಕೆಲಸಕ್ಕಾಗಿ ಕೂಡಿ ಒಂದು ಸಂಘ ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಯಾವ ಊರೂ ತನ್ನ ಹೆಸರು ಕಳೆದುಕೊಳ್ಳಲಿಲ್ಲ, ನೀರು ಮಾತ್ರ ಎಲ್ಲರದೂ ಆಯಿತು. ನ್ಯೂಯಾರ್ಕ್ ಮಹಾನಗರದ ಕಥೆ ಹಮ್ಮಿಗಿಗೆ ಇನ್ನೂ ಹತ್ತಿರದ್ದು. ಆ ನಗರ ಕುಡಿಯುವ ನೀರು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳದು. ಆ ಜಲಾಶಯಗಳಿಗಾಗಿ ಹಿಂದೆ ಹಳ್ಳಿಗಳು ಮುಳುಗಿದ್ದವು, ಹಳೆಯ ಸಿಟ್ಟು ಉಳಿದಿತ್ತು. 1997ರಲ್ಲಿ ನಗರವೂ ಬೆಟ್ಟದ ಊರುಗಳೂ ಒಂದು ಒಪ್ಪಂದಕ್ಕೆ ಬಂದವು. ಬೆಟ್ಟದವರು ನೀರನ್ನು ಕೆಡಿಸದೆ ಕಾಯಬೇಕು, ನಗರ ಅವರ ಹೊಲ, ಚರಂಡಿ, ಊರಿನ ಏಳಿಗೆಗೆ ಹಣ ಕೊಡಬೇಕು. ಇದರಿಂದ ಕೋಟಿಗಟ್ಟಲೆ ಡಾಲರಿನ ಶುದ್ಧೀಕರಣ ಘಟಕ ಕಟ್ಟುವ ಖರ್ಚು ನಗರಕ್ಕೆ ಉಳಿಯಿತು. ದಣಿಯಂತೆ ಆಜ್ಞೆ ಮಾಡಬಲ್ಲ ಅಷ್ಟು ದೊಡ್ಡ ನಗರವೂ ಕೊನೆಗೆ ಹಳ್ಳಿಯ ಒಪ್ಪಿಗೆ ಕೇಳಬೇಕಾಯಿತು.

ಅಷ್ಟು ದೂರ ಹೋಗದೆಯೂ ಇರಬಹುದು. ಭಾರತದ ಸಂವಿಧಾನದಲ್ಲಿಯೇ 243 ಝಡ್‌ಡಿ ಎಂಬ ವಿಧಿಯಿದೆ. ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳಿಂದ ಆರಿಸಿ ಬಂದವರಾಗಿರಬೇಕು, ಅವರು ಹಳ್ಳಿ-ನಗರಗಳ ಸಮಾನ ಹಿತದ ವಿಷಯಗಳನ್ನು, ಅದರಲ್ಲೂ ನೀರಿನ ಹಂಚಿಕೆಯನ್ನು, ನೋಡಿಕೊಂಡು ಯೋಜನೆ ಮಾಡಬೇಕು ಎಂದು ಅದು ಹೇಳುತ್ತದೆ. ಗದುಗೂ ಹಮ್ಮಿಗಿಯೂ ಒಂದೇ ಮೇಜಿನ ಸುತ್ತ ಕೂರಬೇಕೆಂದು ಸಂವಿಧಾನ ಬರೆದವರಿಗೆ ಹೊಳೆದಿತ್ತು. ಆದರೆ ಮೇಜು ಹಾಕಿದರಷ್ಟೇ ಸಾಲದು, ಕೂರುವವರು ಬೇಕು. ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅವಕ್ಕೆ ಚುನಾವಣೆಯೇ ನಡೆಯಲಿಲ್ಲ.

ಹಾಗಾದರೆ ಕಲ್ಪನೆಯ ಆ ಸದಸ್ಯೆ ನಾಳೆ ಬೆಳಿಗ್ಗೆ ಮಾಡಬಹುದಾದದ್ದೇನು? ದೊಡ್ಡದೇನೂ ಬೇಕಿಲ್ಲ. ಲಕ್ಷ್ಮೇಶ್ವರದ ಪುರಸಭೆ ಮೇವುಂಡಿಯ ಹತ್ತಿರ ತುಂಗಭದ್ರೆಯಿಂದಲೇ ನೀರು ಎತ್ತುತ್ತದೆ. ಮುಂಡರಗಿಯ ಪುರಸಭೆ, ಶಿರಹಟ್ಟಿಯ ಪಟ್ಟಣ ಪಂಚಾಯಿತಿ ನೆಚ್ಚಿರುವುದೂ ಅದೇ ಹೊಳೆಯನ್ನು. ಬೇಸಿಗೆಯ ನಡುವೆ ನಾಲ್ಕೂ ಊರುಗಳು ಬೇರೆ ಬೇರೆಯಾಗಿ ಜಿಲ್ಲಾಧಿಕಾರಿಗಳ ಬಾಗಿಲು ಬಡಿಯುವ ಬದಲು, ಸಂಕ್ರಾಂತಿ ಕಳೆದೊಡನೆ ನಾಲ್ಕೂ ಊರಿನವರು ಹಮ್ಮಿಗಿಯಲ್ಲಿ ಒಂದು ದಿನ ಸೇರಬಹುದು. ಹೊಳೆಯಲ್ಲಿ ಎಷ್ಟು ನೀರಿದೆ, ಯಾವ ಪಂಪು ಕೆಟ್ಟಿದೆ, ಭದ್ರೆಯಿಂದ ಯಾವಾಗ ನೀರು ಬೇಕಾದೀತು, ಯಾವ ಹಳ್ಳಿಯ ಯಾವ ಕೆಲಸ ಬಾಕಿ ಇದೆ ಎಂದು ಒಂದೇ ಕಾಗದದಲ್ಲಿ ಬರೆದು, ನಾಲ್ಕೂ ಅಧ್ಯಕ್ಷರು, ಪಂಚಾಯಿತಿಯವರು ಸಹಿ ಹಾಕಬಹುದು. ಹೀಗೆ ಕೂತು ಮಾತಾಡುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ, ಯಾವ ಅನುದಾನವೂ ಬೇಕಿಲ್ಲ. ಚಹಾದ ಖರ್ಚು ಹಮ್ಮಿಗಿಯವರದಾದರೆ ಭಜಿಯ ಖರ್ಚು ಗದುಗಿನವರದು.

ಊರೊಳಗೂ ಮಾಡುವುದಿದೆ. ಯಾವ ಓಣಿಗೆ ಯಾವ ದಿನ ನೀರು ಬಂತು, ಎಷ್ಟು ತಾಸು ಬಂತು ಎಂಬುದನ್ನು ಓಣಿಯ ಕಟ್ಟೆಯ ಮೇಲೆ ಒಂದು ಹಲಗೆಯಲ್ಲಿ ಸುಣ್ಣದ ಕಡ್ಡಿಯಿಂದ ಬರೆದರೂ ಸಾಕು, ಅರ್ಧ ಜಗಳ ನಿಲ್ಲುತ್ತದೆ. ಬಂದ ನೀರು ಪಕ್ಕದ ಓಣಿಗೆ ಹೋಯಿತೆಂಬ ಗುಮಾನಿ ಹೋಗಿ, ಬರದ ನೀರು ಎಲ್ಲಿ ನಿಂತಿತು ಎಂಬ ಪ್ರಶ್ನೆ ಏಳುತ್ತದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನ ಹೇಳುತ್ತದೆ. ಗದಗ-ಬೆಟಗೇರಿ ಆ ಲೆಕ್ಕಕ್ಕೆ ಬರುವುದಿಲ್ಲ. ಕಾನೂನು ಕಡ್ಡಾಯ ಮಾಡಿಲ್ಲವೆಂದು ಓಣಿಯವರು ವಾರಕ್ಕೊಮ್ಮೆ ಸೇರಬಾರದೆಂದೇನೂ ಇಲ್ಲ.

ಇಲ್ಲಿ ಒಂದು ಎಚ್ಚರವೂ ಬೇಕು. ಕೂಡಿ ಕೆಲಸ ಮಾಡುವುದನ್ನು ಹೊಗಳುತ್ತ, ನಗರಸಭೆಗೆ ಕೊಡಬೇಕಾದ ಅಧಿಕಾರವನ್ನು ಕೊಡದೆ ಜಾರಿಕೊಳ್ಳುವ ಉಪಾಯ ಆಳುವವರಿಗೆ ಸಿಗಬಾರದು. ಹೊಣೆ ಒಬ್ಬರಿಗೆ, ಕೀಲಿ ಇನ್ನೊಬ್ಬರಿಗೆ ಎಂಬುದು ನ್ಯಾಯವಲ್ಲ. 'ಕೊಡಬಹುದು' ಎಂಬುದು 'ಕೊಡತಕ್ಕದ್ದು' ಎಂದಾಗಬೇಕೆಂದು ಕೇಳುತ್ತಲೇ ಇರಬೇಕು. ಆದರೆ ಅದಾಗುವವರೆಗೆ ಮಗು ನೀರು ಕುಡಿಯದೆ ಇರಲಾರದು. ಕೇಳುವ ಕೆಲಸವೂ ಕೂಡುವ ಕೆಲಸವೂ ಒಟ್ಟಿಗೇ ನಡೆಯಬೇಕಾದವು. ಕೂಡಿ ಬಂದು ಕೇಳಿದವರಿಗೆ ಇಲ್ಲವೆನ್ನುವುದು ಯಾವ ಸರ್ಕಾರಕ್ಕೂ ಸುಲಭವಲ್ಲ ಎಂಬುದನ್ನು ಹಳ್ಳಿಗುಡಿ ತೋರಿಸಿದೆ.

ತಂದೆತಾಯಿಗಳು ಕೇಳಬಹುದು: ಮಕ್ಕಳು ಡಾಕ್ಟರು, ಎಂಜಿನಿಯರು ಆಗಲಿ ಎಂದು ಓದಿಸುತ್ತಿದ್ದೇವೆ, ಈ ಪಂಚಾಯಿತಿ ಅವರಿಗೇಕೆ? ಆಗಲಿ, ಡಾಕ್ಟರೇ ಆಗಲಿ. ಆದರೆ ಅವರ ದವಾಖಾನೆಗೂ ನೀರು ಬೇಕು. ಎಂಜಿನಿಯರಾದರೆ ನಾಳೆ ಅದೇ ಮಂಡಳಿಯಲ್ಲಿ, ಅದೇ ನಿಗಮದಲ್ಲಿ ಕುರ್ಚಿಯ ಮೇಲೆ ಕೂರುವವರು ಅವರೇ. 'ನಮ್ಮ ಪಾಲಿನ ಕೆಲಸ ಮುಗಿದಿದೆ' ಎಂದು ಕಡತ ಮುಚ್ಚುವ ಎಂಜಿನಿಯರು ಆಗಬೇಕೋ, 'ಕೊನೆಯ ನಳದಲ್ಲಿ ನೀರು ಬಂತೇ?' ಎಂದು ಕೇಳುವ ಎಂಜಿನಿಯರು ಆಗಬೇಕೋ ಎಂಬುದು ಹೈಸ್ಕೂಲಿನ ವಯಸ್ಸಿನಲ್ಲಿಯೇ ನಿಶ್ಚಯವಾಗುತ್ತದೆ.

ಈ ದೀಪಾವಳಿಯ ರಜೆಯಲ್ಲಿ ಗದುಗಿನ ಯಾವುದಾದರೊಂದು ಶಾಲೆ ಹತ್ತು ಹನ್ನೆರಡು ಮಕ್ಕಳನ್ನು ಬಸ್ಸು ಹತ್ತಿಸಿ ಹಮ್ಮಿಗಿಗೆ ಕರೆದೊಯ್ಯಲಿ. ಅವರು ಬ್ಯಾರೇಜಿನ ಮೇಲೆ ನಿಂತು ಗೇಟು ಎಣಿಸಲಿ. ಹಾಗೆಯೇ ಊರೊಳಗೂ ಹೋಗಲಿ. ಅಲ್ಲಿಯ ಶಾಲೆಯ ಮಕ್ಕಳೊಡನೆ ಕುಳಿತು ಬುತ್ತಿ ಬಿಚ್ಚಲಿ, 'ನಿಮ್ಮೂರಾಗ ನಳಾ ದಿನಾ ಬರ್ತೈತೇನು?' ಎಂದು ಕೇಳಲಿ. ಉತ್ತರ ಏನೇ ಬರಲಿ, ಅದನ್ನು ವಹಿಯಲ್ಲಿ ಬರೆದುಕೊಳ್ಳಲಿ. ಹೊಳೆಯಿಂದ ಓಣಿಯವರೆಗೆ ಒಂದು ಉದ್ದನೆಯ ನಕ್ಷೆ ಬರೆದು, ಪ್ರತಿ ತಿರುವಿನಲ್ಲಿ ಅಲ್ಲಿಯ ಹೊಣೆ ಯಾರದೆಂದು ಬರೆದು, ನಗರಸಭೆಯ ಬಾಗಿಲಲ್ಲಿ ತೂಗುಹಾಕಲಿ. ಮುಂದಿನ ಪರೀಕ್ಷೆಯಲ್ಲಿ 'ನಗರಸಭೆಯ ಕರ್ತವ್ಯಗಳಾವುವು?' ಎಂಬ ಪ್ರಶ್ನೆ ಬಂದಾಗ ಅವರು ಆರನೆಯ ಅಂಶವೊಂದನ್ನು ಸೇರಿಸಿಯಾರು: ತನ್ನ ಕೈಯಲ್ಲಿಲ್ಲದ ಕೆಲಸಕ್ಕೆ, ಅದು ಯಾರ ಕೈಯಲ್ಲಿದೆಯೋ ಅವರೆಲ್ಲರನ್ನೂ ಕೂಡಿಸುವುದು. ಅದಕ್ಕೆ ಎಷ್ಟು ಅಂಕ ಕೊಡಬೇಕೆಂಬುದನ್ನು ಮಾಸ್ತರರು ಯೋಚಿಸಲಿ.